ಮಾನಮ್ಮ ಕಂಡ ಚಿಕ್ಕಿ

ಯಾದಗಿರಿ
೧೨ ಆಗಸ್ಟ್ ೨೦೦೬

ದೋಸ್ತ ಈಶಪ್ಪನಿಗೆ,

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಬೈಯಬೇಡ. ನಮ್ಮ ಹೈಸ್ಕೂಲಿಗೆ ಎಂಟು ಕಂಪ್ಯೂಟರ್ ಬಂದಿವೆ, ಅವುಗಳ ಸೇವೆಯಲ್ಲಿ ಮುಳುಗಿದ್ದೇನೆ. ಹೆಡ್‌ಮಾಸ್ತರರು ಆ ಕೋಣೆಯ ಕೀಲಿಯನ್ನು ತಾಯತದ ಹಾಗೆ ಕೊರಳಿಗೆ ಕಟ್ಟಿಕೊಂಡಿದ್ದಾರೆ. “ತಿಮ್ಮಣ್ಣ ಮಾಸ್ತರ, ನೀವೊಬ್ರೇ ಮುಟ್ರಿ. ಹುಡುಗರು ದೂರಲಿಂದ ನೋಡ್ಲಿ,” ಅನ್ನುತ್ತಾರೆ. ದೂರದಿಂದ ನೋಡಿ ಕಂಪ್ಯೂಟರ್ ಕಲಿಯುವ ಶಾಲೆ ಭೂಮಿಯ ಮೇಲೆ ನಮ್ಮದೊಂದೇ ಇರಬೇಕು.

ವಿಜ್ಞಾನ ಮೇಳದಲ್ಲಿ ನನಗೊಂದು ಸಿ.ಡಿ. ಕೊಟ್ಟರು. ಹಾಕಿದರೆ ಪರದೆಯ ತುಂಬ ರಾತ್ರಿಯ ಆಕಾಶ! ಯಾವ ಚಿಕ್ಕಿಯನ್ನು ಒತ್ತಿದರೂ ಅದರ ಹೆಸರು, ಅದು ಮೂಡುವ ಗಂಟೆ, ಮುಳುಗುವ ಗಂಟೆ ಹೇಳುತ್ತದೆ. ಮುಂದಿನ ವಾರದ ಆಕಾಶವನ್ನು ಇವತ್ತೇ ನೋಡಬಹುದು. ಊರು ಯಾವುದೆಂದು ಮೊದಲು ಕೇಳುತ್ತದೆ. ಅದರ ಪಟ್ಟಿಯಲ್ಲಿ ಹೈದರಾಬಾದ್ ಇದೆ. ಯಾದಗಿರಿ, ಶಹಾಪುರ, ಸುರಪುರ ಒಂದೂ ಇಲ್ಲ. ನಕ್ಷೆ ಹಿಡಿದು ಅಕ್ಷಾಂಶ ರೇಖಾಂಶ ಹುಡುಕಿ, ನಾನೇ ‘ದೋರನಹಳ್ಳಿ’ ಎಂದು ಸೇರಿಸಿದೆ. ನಮ್ಮೂರು ಈಗ ಕಂಪ್ಯೂಟರಿನಲ್ಲಿದೆ ನೋಡು.

ಮೊನ್ನೆ ಸಂಜೆ ಹುಡುಗರನ್ನು ಬಯಲಿಗೆ ಕರೆದುಕೊಂಡು ಹೋಗಿ ಆಕಾಶ ತೋರಿಸಿದೆ. ಗುರುಗ್ರಹ ಹೊಳೆಯುತ್ತಿತ್ತು. ಎಲ್ಲರೂ ಒಂದೇ ದನಿಯಲ್ಲಿ, “ಸರ್, ಬೆಳ್ಳಿ!” ಎಂದರು. ನಮ್ಮ ಮಂದಿಗೆ ದೊಡ್ಡದಾಗಿ ಹೊಳೆದದ್ದೆಲ್ಲ ಬೆಳ್ಳಿಯೇ. ಬೆಳ್ಳಿ ಅಂದರೆ ಶುಕ್ರ, ಇದು ಗುರು ಎಂದು ತಿಳಿಸುವಷ್ಟರಲ್ಲಿ ನನ್ನ ಗಂಟಲು ಬಿದ್ದುಹೋಯಿತು.

ನಿಮ್ಮ ಜೈಲಿಗೆ ಭಾನುವಾರ ಕಂಪ್ಯೂಟರ್ ಕಲಿಸಲು ಅಮೀನುದ್ದೀನ ಮಾಸ್ತರರು ಬರುತ್ತಾರೆಂದು ಬರೆದಿದ್ದೆಯಲ್ಲ, ಅವರಿಗಾಗಿ ಒಂದು ನಕಲು ಸಿ.ಡಿ. ಇದರೊಂದಿಗೆ ಕಳಿಸಿದ್ದೇನೆ. ಕವರಿನ ಮೇಲೆ ದೋರನಹಳ್ಳಿಯ ಅಂಕಿಗಳನ್ನು ಬರೆದಿದ್ದೇನೆ. ಸಂಜೆ ಆರಕ್ಕೇ ನಿಮ್ಮನ್ನು ಒಳಗೆ ಹಾಕಿ ಬೀಗ ಜಡಿಯುತ್ತಾರೆ, ಆಕಾಶ ನೋಡದೆ ಎರಡೂವರೆ ವರ್ಷವಾಯಿತು ಎಂದಿದ್ದೆ. ಅದಕ್ಕೇ ಕಳಿಸಿದೆ.

ಅವ್ವ ಊರಲ್ಲೇ ಇದ್ದಾಳೆ. ಬಾ ಎಂದರೆ ಬರುವುದಿಲ್ಲ. ಕಣ್ಣು ಸ್ವಲ್ಪ ಮಂಜು ಅನ್ನುತ್ತಾಳೆ.

ನಿನ್ನ
ತಿಮ್ಮಣ್ಣ


ಜೈಲು, ನಾಲ್ಕನೇ ಬ್ಯಾರಕ್
೩ ಸೆಪ್ಟೆಂಬರ್ ೨೦೦೬

ತಿಮ್ಮಣ್ಣ ಮಾಸ್ತರಗ ಈಶಪ್ಪನ ನಮಸ್ಕಾರ,

ಸಿ.ಡಿ. ಬಂತು. ಮೂರು ಕಡೆ ತಪಾಸಣೆಯಾಗಿ, ಒಬ್ಬ ಸಿಪಾಯಿ ಅದರಲ್ಲಿ ಮುಖ ನೋಡಿಕೊಂಡು ತಲೆ ಬಾಚಿದ ಮೇಲೆ ನನ್ನ ಕೈ ಸೇರಿತು. ಆದರೆ ಇಲ್ಲಿನ ಕಂಪ್ಯೂಟರ್ ಸಿಡಿಲಿಗೆ ಸುಟ್ಟಿದೆ. “ರಿಪೇರಿ ಆಗ್ತದ, ತಡೀರಿ,” ಅನ್ನುತ್ತಾರೆ ಅಮೀನುದ್ದೀನ ಮಾಸ್ತರರು. ಸಿ.ಡಿ. ಅವರ ಬಳಿಯೇ ಇದೆ.

ನಿನ್ನ ಕಾಗದದ ಒಂದು ಸಾಲು ನನ್ನ ನಿದ್ದೆ ಕೆಡಿಸಿತು. ದೊಡ್ಡದಾಗಿ ಹೊಳೆದದ್ದೆಲ್ಲ ನಮ್ಮ ಮಂದಿಗೆ ಬೆಳ್ಳಿ ಎಂದು ಬರೆದಿದ್ದೀಯಲ್ಲ, ಅದು.

ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತೇನೆ, ಸಿಟ್ಟಾಗಬೇಡ. ನಮ್ಮ ಕಾಲುವೆ ಗೇಟಿನ ನೀರಿಗೆ ಮೂರು ಪಾಳಿ. ಕತ್ತಲಾದಾಗಿನಿಂದ ನಡುರಾತ್ರಿಯ ತನಕ ನನ್ನದು. ಅಲ್ಲಿಂದ ಬೆಳ್ಳಿ ಮೂಡುವ ತನಕ ಪಕ್ಕದ ಹೊಲದ ದ್ಯಾವಪ್ಪನದು. ಬೆಳ್ಳಿ ಮೂಡಿದ ಮೇಲೆ ನಿಮ್ಮವ್ವನದು. ಕಾಲುವೆ ಬರುವ ಮೊದಲು ಬಾವಿಗೆ ಎತ್ತು ಹೂಡುತ್ತಿದ್ದುದೂ ಚಿಕ್ಕಿ ನೋಡಿಯೇ. ಕಾಲುವೆ ಬಂತು, ಗೇಟು ಬಂತು, ಚಿಕ್ಕಿಯ ಲೆಕ್ಕ ಮಾತ್ರ ಬದಲಾಗಲಿಲ್ಲ. ೨೦೦೩ರ ನವೆಂಬರ್ ೨೬ರ ರಾತ್ರಿ ನನ್ನ ಪಾಳಿ ಮುಗಿದರೂ ನಾನು ಸ್ವಲ್ಪ ಹೊತ್ತು ನೀರು ಬಿಡಲಿಲ್ಲ. ದ್ಯಾವಪ್ಪ ಬಂದು ಜಗಳ ತೆಗೆದ. ಬೈದಾಡಿದೆವು. ಆಮೇಲೆ ನೀರು ಅವನ ಹೊಲಕ್ಕೆ ತಿರುಗಿಸಿ, ಗೇಟಿನ ಮೇಲೆ ನಿಂತು ಬೀಡಿ ಸೇದಿ, ಎರಡಕ್ಕೆ ದಸ್ತಗೀರಸಾಬನ ಮೆಣಸಿನಕಾಯಿ ಲಾರಿ ಹತ್ತಿ ಯಾದಗಿರಿಗೆ ಹೋದೆ. ಬೆಳಿಗ್ಗೆ ದ್ಯಾವಪ್ಪನ ಹೆಣ ಗೇಟಿನ ಬುಡದಲ್ಲಿತ್ತು. ತಲೆಗೆ ಸಲಿಕೆಯ ಏಟು. ಸತ್ತದ್ದು ನಾಲ್ಕರಿಂದ ಐದರೊಳಗೆ ಎಂದರು ಡಾಕ್ಟರು.

“ಸಾಕ್ಷಿ ಮಾನಮ್ಮ” ಎಂದು ಕೂಗಿದ ಮೇಲೆ ನಿಮ್ಮವ್ವ ಕೋರ್ಟಿನಲ್ಲಿ ಹೇಳಿದ್ದಿಷ್ಟೇ. “ಬೆಳ್ಳಿ ಮೂಡಿತ್ತು. ಈಶಪ್ಪ ಗೇಟಿನ ಮ್ಯಾಲ ನಿಂತಿದ್ದ. ದ್ಯಾವಪ್ಪ ಹೊಲದಾಗ ಕೆಮ್ಮಾಕತ್ತಿದ್ದ.” ಬೆಳ್ಳಿ ಎಂದರೆ ನಾಲ್ಕೂವರೆ ಎಂದು ಬರೆದುಕೊಂಡರು. ದಸ್ತಗೀರಸಾಬ ಎರಡು ಗಂಟೆ ಎಂದು ಹೇಳಿದ. ನಂಬಲಿಲ್ಲ. ಅವನು ನನ್ನ ಬೀಡಿ ದೋಸ್ತ, ನಿಮ್ಮವ್ವ ಯಾರ ಸುದ್ದಿಗೂ ಹೋಗದ ಹೆಂಗಸು. “ಆಕಾಶದ ಚಿಕ್ಕಿಗೆ ಯಾರೂ ಲಂಚ ಕೊಡಲು ಬರುವುದಿಲ್ಲ,” ಎಂದು ಸರ್ಕಾರಿ ವಕೀಲ ಹೇಳಿದಾಗ ಕೋರ್ಟಿಗೆ ಕೋರ್ಟೇ ತಲೆದೂಗಿತು. ನನಗೆ ಜೀವಾವಧಿ ಆಯಿತು.

ಈಗ ಕೇಳು. ಆ ವಾರ ಮೆಣಸಿನಕಾಯಿ ಬಿಡಿಸಿ ಮನೆಗೆ ಬರುವಾಗ ಪಡುವಣದಲ್ಲಿ ಬೆಳ್ಳಿ ಇತ್ತೇನೋ ಎಂದು ನನಗೆ ಅನುಮಾನ. ಸಂಜೆ ಇದ್ದರೆ ಬೆಳಗಿನ ಜಾವ ಹೇಗೆ ಮೂಡುತ್ತದೆ? ಮುಂದಿನ ವಾರ ತೋರಿಸುವ ಯಂತ್ರ ಹಿಂದಿನ ವರ್ಷವನ್ನೂ ತೋರಿಸಬೇಕಲ್ಲ? ಆ ರಾತ್ರಿಯನ್ನು ಒಂದು ಸಲ ನೋಡು. ಜನವರಿಯಲ್ಲಿ ಹೈಕೋರ್ಟಿನಲ್ಲಿ ನನ್ನ ಅಪೀಲು ಇದೆ. ನೀನು ಕಂಡದ್ದನ್ನು ಬರೆದು ಸಹಿ ಹಾಕಿ ಕಳಿಸಿದರೆ ವಕೀಲರಿಗೆ ಕೊಡುತ್ತೇನೆ. ನನಗೆ ಉಳಿದ ದಾರಿ ಇದೊಂದೇ.

ನಿಮ್ಮವ್ವ ಸುಳ್ಳು ಹೇಳಿದಳೆಂದು ನಾನು ಯಾವತ್ತೂ ಅಂದುಕೊಂಡಿಲ್ಲ. ಅದನ್ನು ಬರೆದೇ ಮುಗಿಸುತ್ತೇನೆ.

ಈಶಪ್ಪ


ಯಾದಗಿರಿ
೨೯ ಸೆಪ್ಟೆಂಬರ್ ೨೦೦೬

ಪ್ರಿಯ ಈಶಪ್ಪ,

ಅರ್ಧವಾರ್ಷಿಕ ಪರೀಕ್ಷೆಯ ಗಡಿಬಿಡಿಯಲ್ಲಿ ಉತ್ತರ ತಡವಾಯಿತು.

ನೀನು ಕೇಳಿದ್ದನ್ನು ಪರಿಶೀಲಿಸಿದೆ. ಈ ಸಾಫ್ಟ್‌ವೇರ್ ಇವತ್ತಿನದನ್ನು ಮತ್ತು ಮುಂದಿನದನ್ನು ಮಾತ್ರ ತೋರಿಸುತ್ತದೆ. ಹಿಂದಿನ ದಿನಗಳಿಗೆ ಹೋಗುವುದಿಲ್ಲ. ಅದರ ರಚನೆಯೇ ಹಾಗಿದೆ. ಹಿಂದಿನದಕ್ಕೆ ಬೇರೆ ದೊಡ್ಡ ಸಾಫ್ಟ್‌ವೇರ್ ಬೇಕು, ಅದು ನಮ್ಮಂಥ ಶಾಲೆಗಳಿಗೆ ಸಿಗುವಂಥದ್ದಲ್ಲ. ಹೆಡ್‌ಮಾಸ್ತರರನ್ನೂ ಕೇಳಿದೆ. ಅವರಿಗೂ ಗೊತ್ತಿಲ್ಲ.

ಮೂರು ವರ್ಷದ ಹಿಂದಿನ ಸಂಜೆ ಬೆಳ್ಳಿ ಎಲ್ಲಿತ್ತೆಂಬುದು ಯಾರಿಗೂ ನೆನಪಿರುವುದಿಲ್ಲ. ಮನಸ್ಸು ತನಗೆ ಬೇಕಾದದ್ದನ್ನು ಜೋಡಿಸಿಕೊಳ್ಳುತ್ತದೆ. ಅಪೀಲಿನಲ್ಲಿ ವಕೀಲರು ಬೇರೆ ಅಂಶಗಳ ಮೇಲೆ ವಾದ ಮಾಡಲಿ.

ಚಳಿ ಬರುತ್ತಿದೆ. ಒಂದು ಸ್ವೆಟರ್ ಕಳಿಸಿದ್ದೇನೆ. ಹಾಕಿಕೊ.

ತಿಮ್ಮಣ್ಣ


ಜೈಲು
೨೦ ಅಕ್ಟೋಬರ್ ೨೦೦೬

ತಿಮ್ಮಣ್ಣಗ,

ಸ್ವೆಟರ್ ಸರಿಯಾಗಿದೆ, ತೋಳು ಮಾತ್ರ ಗಿಡ್ಡ. ನಾನಿನ್ನೂ ಏಳನೇ ಇಯತ್ತೆಯ ಈಶ್ಯಾ ಎಂದುಕೊಂಡೆಯೇನೋ.

ಬೆಳ್ಳಿಯ ಮಾತು ಬಿಟ್ಟುಬಿಟ್ಟೆ. ವಕೀಲರು ಬಂದಿದ್ದರು. ಅವರಿಗೆ ಈ ವಿಷಯ ಹೇಳಿದಾಗ ಕುರ್ಚಿಯ ತುದಿಗೆ ಬಂದು ಕೂತಿದ್ದರು. “ಮಾಸ್ತರ ಏನಂದ್ರಪ್ಪ?” ಎಂದು ಕೇಳಿದರು. ಆಗಲ್ಲ ಅಂದಾನ ಎಂದೆ. “ಅವರು ಸೈನ್ಸ್ ಮಾಸ್ತರ ಅಲ್ಲೇನು? ಅವರೇ ಆಗಲ್ಲಂದ್ರ ಮುಗೀತು, ಕೋರ್ಟಿನಾಗ ಚಿಕ್ಕಿ ಗಿಕ್ಕಿ ಅಂತ ಹೋದ್ರ ನಗ್ತಾರ,” ಎಂದು ಅದನ್ನು ಹೊಡೆದು ಹಾಕಿದರು. ಆದರೂ ಹೊರಡುವಾಗ, ಬೇರೆ ಯಾರನ್ನಾದರೂ ಕೇಳಲೇ ಎಂದರು. ಬೇಡ ಅಂದೆ. ನೀನು ಇಲ್ಲ ಅಂದ ಮೇಲೆ ಇಲ್ಲ. ಅದರಲ್ಲಿ ಮತ್ತೆ ಕೇಳುವುದೇನಿದೆ?

ನನ್ನ ಹೆಂಡತಿ ಕರೆಮ್ಮ ಭೇಟಿಗೆ ಬಂದಿದ್ದಳು. ನನ್ನ ಪಾಳಿಗೆ ಈಗ ಅವಳೇ ಸಲಿಕೆ ಹಿಡಿದು ಹೋಗುತ್ತಾಳೆ. ಆ ಗೇಟಿನ ಹತ್ತಿರ ಯಾವ ಗಂಡಸು ಕೆಮ್ಮಿದರೂ ಎದೆ ಹೊಡೆದುಕೊಳ್ಳುತ್ತದಂತೆ. ದ್ಯಾವಪ್ಪನನ್ನು ಕೊಂದವನು ಇವತ್ತಿಗೂ ಅದೇ ಕಾಲುವೆಯ ನೀರು ಉಣ್ಣುತ್ತಿದ್ದಾನೆ, ಬಂದು ಹೋಗುವಾಗ ಇವಳಿಗೆ “ಆರಾಮ ಇದ್ದಿಯೇನವ್ವ” ಅನ್ನುತ್ತಿರಬಹುದು. ಇದನ್ನು ನೆನೆದರೆ ನನಗೆ ಅನ್ನ ಇಳಿಯುವುದಿಲ್ಲ.

ನಿಮ್ಮವ್ವನ ಕಣ್ಣು ಹೇಗಿವೆ? ದೊಡ್ಡ ಡಾಕ್ಟರಿಗೆ ತೋರಿಸು, ಅಸಡ್ಡೆ ಮಾಡಬೇಡ. ನನಗೆ ಸಿಟ್ಟಿಲ್ಲವೆಂದು ಹೇಳು.

ಈಶಪ್ಪ


ಜೈಲು
೨ ಫೆಬ್ರುವರಿ ೨೦೦೭

ತಿಮ್ಮಣ್ಣ,

ಜನವರಿ ೨೩ಕ್ಕೆ ಅಪೀಲು ವಜಾ ಆಯಿತು. ನಿಮ್ಮವ್ವನ ಸಾಕ್ಷಿಯನ್ನು ಯಾರೂ ಅಲುಗಾಡಿಸಲಿಲ್ಲವೆಂದು ಜಡ್ಜ್‌ಮೆಂಟಿನಲ್ಲಿ ಬರೆದಿದ್ದಾರಂತೆ.

ನಾಲ್ಕು ತಿಂಗಳಿಂದ ನಿನ್ನ ಕಾಗದವಿಲ್ಲ. ಜಡ್ಡೇನಾದರೂ ಆಗಿದೆಯೇ? ನಾನು ಏನಾದರೂ ತಪ್ಪು ಬರೆದೆನೇ? ಹಾಗಿದ್ದರೆ ಮಾಫ್ ಮಾಡು.

ಈಶಪ್ಪ


ಜೈಲು
೧೧ ಮಾರ್ಚ್ ೨೦೦೭

ತಿಮ್ಮಣ್ಣ ಮಾಸ್ತರಗ,

ಇವತ್ತು ಭಾನುವಾರ. ಕಂಪ್ಯೂಟರ್ ರಿಪೇರಿಯಾಗಿ ಬಂದಿದೆ. “ನಿಮ್ಮ ದೋಸ್ತ ಕಳಿಸಿದ್ದು ನೋಡೂಣು ಬರ್ರಿ,” ಎಂದು ಅಮೀನುದ್ದೀನ ಮಾಸ್ತರರು ಸಿ.ಡಿ. ಹಾಕಿದರು. ಕವರಿನ ಮೇಲೆ ನೀನು ಬರೆದಿದ್ದ ಅಂಕಿಗಳನ್ನು ಒತ್ತಿದೆ. ಆಕಾಶ ಬಂತು. ಮೂರು ವರ್ಷದ ಮೇಲೆ ಆಕಾಶ ನೋಡಿ ಇಡೀ ಬ್ಯಾರಕ್ಕಿನವರು ಬಾಯಿ ತೆರೆದು ನಿಂತರು.

ಆ ಪರದೆಯ ಕೆಳಗೆ ತಾರೀಖಿದೆ. ಮುಂದಕ್ಕೆ ಹೋಗಲು ಒಂದು ಗುಂಡಿ, ಹಿಂದಕ್ಕೆ ಹೋಗಲು ಒಂದು. ಅಕ್ಕಪಕ್ಕದಲ್ಲೇ ಇವೆ, ತಿಮ್ಮಣ್ಣ.

ನಾನು ಹಿಂದಕ್ಕೆ ಒತ್ತುತ್ತ ಹೋದೆ. ೨೦೦೩, ನವೆಂಬರ್ ೨೭, ಬೆಳಗಿನ ನಾಲ್ಕೂವರೆ. ಮೂಡಣದಲ್ಲಿ ಬೆಳ್ಳಿ ಇಲ್ಲ. ಹಿಂದಿನ ಸಂಜೆಗೆ ಹೋದೆ. ಪಡುವಣದಲ್ಲಿ, ನಾನು ಹೇಳಿದ ಜಾಗದಲ್ಲೇ ಇತ್ತು. ಮತ್ತೆ ಒಂದೊಂದೇ ಗಂಟೆ ಮುಂದೆ ಸರಿಸಿದೆ. ಒಂದು ಹೊಡೆದ ಮೇಲೆ ಮೂಡಣದಲ್ಲಿ ದೊಡ್ಡದೊಂದು ಎದ್ದಿತು. ಒತ್ತಿದೆ. ಗುರು ಎಂದು ಬಂತು. ಒಂದೂವರೆಗೆ ಅದು ಹೊಲದ ಗಿಡಗಳ ಮೇಲೆ ಬಂದಿರಬೇಕು. ನಾನು ಬೀಡಿ ಸೇದುತ್ತ ಗೇಟಿನ ಮೇಲೆ ನಿಂತಿದ್ದ ಹೊತ್ತು ಅದೇ.

ನಾನು ಏಳನೇ ಇಯತ್ತೆ ಓದಿದವ. ಹತ್ತು ನಿಮಿಷದಲ್ಲಿ ನೋಡಿದೆ. ಆಮೇಲೆ ಬಚ್ಚಲಿಗೆ ಹೋಗಿ ಬಾಯಿಗೆ ಟವೆಲ್ ಒತ್ತಿಕೊಂಡು ಅತ್ತೆ.

ನಿನಗೆ ಆ ಗುಂಡಿ ಕಾಣಲಿಲ್ಲ ಎಂದುಕೊಳ್ಳಲು ನೋಡುತ್ತಿದ್ದೇನೆ. ಹೆಡ್‌ಮಾಸ್ತರರು ಮುಟ್ಟಲು ಬಿಟ್ಟಿರಲಿಕ್ಕಿಲ್ಲ, ಕರೆಂಟ್ ಹೋಗಿರಬೇಕು ಎಂದೆಲ್ಲ ನಿನ್ನ ಪರವಾಗಿ ನಾನೇ ವಕಾಲತ್ತು ಮಾಡುತ್ತಿದ್ದೇನೆ. ಏನಾಯಿತೆಂದು ಬರೆ. ಏನು ಬರೆದರೂ ಓದುತ್ತೇನೆ.

ಈಶಪ್ಪ


ಯಾದಗಿರಿ
೧೨ ಮಾರ್ಚ್ ೨೦೦೭

ಈಶಪ್ಪ,

ನಾನು ನಿನಗೆ ಸುಳ್ಳು ಬರೆದೆ. ಆ ಸಾಫ್ಟ್‌ವೇರ್ ಹಿಂದಿನದನ್ನೂ ತೋರಿಸುತ್ತದೆ. ನಿನ್ನ ಕಾಗದ ಬಂದ ದಿನವೇ ನೋಡಿದೆ. ಆ ಬೆಳಗಿನ ಜಾವ ಬೆಳ್ಳಿ ಇರಲಿಲ್ಲ. ಅವ್ವ ಕಂಡದ್ದು ಗುರುವನ್ನು, ಒಂದೂವರೆಗೆ. ನೀನು ಹೇಳಿದ್ದೆಲ್ಲ ನಿಜವಿತ್ತು.

ಅವತ್ತೇ ಬರೆಯಬೇಕೆಂದು ಕೂತೆ. ಬರೆದೂ ಬಿಟ್ಟಿದ್ದೆ. ಕೋರ್ಟಿನ ಒಬ್ಬ ಗುಮಾಸ್ತ ನನಗೆ ಪರಿಚಯ, ಯಾರ ಮಾತೆಂದು ಹೇಳದೆ ಅವನನ್ನು ಕೇಳಿದೆ. “ಖೂನಿ ಕೇಸಿನಾಗ ಸುಳ್ಳು ಸಾಕ್ಷಿ ಅಂದ್ರ ಏಳು ವರ್ಷ ಒಳಗ ಕೂಡಿಸ್ತಾರ್ರಿ, ಮುದುಕಿ ಗಿದುಕಿ ಅಂತ ನೋಡಲ್ಲ,” ಎಂದ. ಅವ್ವನಿಗೆ ಕೋಳ ಹಾಕಿ ದೋರನಹಳ್ಳಿಯ ಓಣಿಯಲ್ಲಿ ನಡೆಸಿಕೊಂಡು ಹೋಗುವುದು ಕಣ್ಣಿಗೆ ಕಟ್ಟಿತು. ಬರೆದದ್ದನ್ನು ಹರಿದೆ. ಅಪೀಲಿನಲ್ಲಿ ಬೇರೆ ಹೇಗಾದರೂ ನೀನು ಗೆಲ್ಲುತ್ತೀ ಎಂದು ನನಗೆ ನಾನೇ ಹೇಳಿಕೊಂಡೆ. ಸೋತೆ ಎಂದು ಬರೆದೆಯಲ್ಲ, ಅವತ್ತಿನಿಂದ ನಾನು ಪಾಠ ಮಾಡಲು ನಿಂತರೆ ಹುಡುಗರ ಮುಖ ನೋಡಲು ಆಗುತ್ತಿಲ್ಲ.

ಹೋದ ತಿಂಗಳು ಅವ್ವನನ್ನು ಇಲ್ಲಿಗೆ ಕರೆತಂದೆ. ಕಣ್ಣಿನ ನರ ಸತ್ತಿದೆ ಎಂದರು ಡಾಕ್ಟರು. ಆರು ತಿಂಗಳ ಹಿಂದೆ ಬಂದಿದ್ದರೆ ಉಳಿಯುತ್ತಿತ್ತಂತೆ. ಈಗ ಬೆಳಕು ಕತ್ತಲೆ ಅಷ್ಟೇ ತಿಳಿಯುತ್ತದೆ. ನಾನು ಊರಿಗೆ ಹೋಗುವುದನ್ನೇ ಬಿಟ್ಟಿದ್ದೆ. ಅವಳ ಮುಖ ನೋಡಿದರೆ ನಿನ್ನ ನೆನಪಾಗುತ್ತಿತ್ತು.

ನಿನ್ನೆ ತಡೆಯಲಾಗದೆ ಅವಳಿಗೆ ಎಲ್ಲ ಹೇಳಿದೆ. ಅಳುತ್ತಾಳೆ, ಇಲ್ಲವೇ ಸುಳ್ಳು ಅನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಕೈ ಎತ್ತಿ ನನ್ನನ್ನು ಸುಮ್ಮನಾಗಿಸಿ ಕೇಳಿದಳು. “ಅವತ್ತ ಮೂರು ಚಿಕ್ಕಿ ಸಾಲು ಎಲ್ಲಿತ್ತು, ನೋಡಿದೇನು?”

ಮೂರು ಚಿಕ್ಕಿಯ ವಿಷಯ ಕೋರ್ಟಿನ ಕಾಗದದಲ್ಲೇ ಇಲ್ಲ. ನೀನೇ ಹೇಳವ್ವ ಎಂದೆ.

“ನೆತ್ತಿ ಮ್ಯಾಲಿತ್ತು. ನನ್ನ ಪಾಳಿ ಬಂತು ಅಂತ ಸಲಿಕಿ ಹಿಡಕೊಂಡು ಹೋದೆ. ನೀರು ಇನ್ನೂ ದ್ಯಾವಪ್ಪನ ಹೊಲಕ್ಕ ಹೊಂಟಿತ್ತು. ಇನ್ನ ಪಾಳಿ ಆಗಿಲ್ಲ ಬಿಡು ಅಂತ ತಿರುಗಿ ಬಂದು ಮಲಗಿದೆ. ಒಂದು ದೊಡ್ಡ ನಿದ್ದಿನೇ ಆತು. ಮಂದಿ ಒದರಾಕತ್ತಿದಾಗ ಎದ್ದೆ, ಆಗ ಬೆಳಕು ಹರಿದಿತ್ತು.”

ಇದನ್ನೆಲ್ಲ ಕೋರ್ಟಿನಲ್ಲಿ ಯಾಕೆ ಹೇಳಲಿಲ್ಲ ಎಂದೆ.

“ಯಾರು ಕೇಳಿದ್ರೋ? ಬೆಳ್ಳಿ ಮೂಡಿತ್ತು ಅಂದೆ. ಆ ವಕೀಲ ತಾನ ನಾಕೂವರಿ ಅಂದು ಬರೆಸಿದ. ಕೇಳಿದ್ದಕ್ಕಷ್ಟೇ ಜವಾಬು ಕೊಡಬೇಕಮ್ಮ ಅಂತ ಗದರಿಸಿದ.”

ನಾನು ಹೆಡ್‌ಮಾಸ್ತರರ ಮನೆಗೆ ಹೋಗಿ ಕೀಲಿ ಇಸಿದುಕೊಂಡು ಶಾಲೆಗೆ ಓಡಿದೆ. ಆ ರಾತ್ರಿಯನ್ನು ಮತ್ತೆ ತೆರೆದೆ. ಒಂದೂವರೆಗೆ ಮೂರು ಚಿಕ್ಕಿಯ ಸಾಲು ನೆತ್ತಿಯ ಮೇಲೇ ಇದೆ, ಈಶಪ್ಪ. ನಾಲ್ಕೂವರೆಗೆ ಅದು ಪಡುವಣಕ್ಕೆ ಇಳಿದುಬಿಟ್ಟಿರುತ್ತದೆ. ಅವ್ವ ಹೇಳಿದ್ದು ಕಂಪ್ಯೂಟರಿನೊಂದಿಗೆ ಹೊಂದಿಕೆಯಾಗುತ್ತದೆ, ಎಲ್ಲವೂ. ಅವಳು ಹೇಳಿದ್ದರಲ್ಲಿ ಹೆಸರೊಂದೇ ತಪ್ಪು. ಸುಳ್ಳು ಸಾಕ್ಷಿಯ ಮಾತೇ ಇರಲಿಲ್ಲ. ನಾನು ಇಲ್ಲದ ಅಪರಾಧಕ್ಕೆ ಹೆದರಿ ನಿನ್ನನ್ನು ಒಳಗಿಟ್ಟೆ.

ಮನೆಗೆ ಬಂದಾಗ ಅವ್ವ ಕೇಳಿದಳು. “ಇದು ನಿನಗ ಯಾವಾಗ ಗೊತ್ತಾತು?” ಸೆಪ್ಟೆಂಬರಿನಲ್ಲಿ ಎಂದೆ. “ನಿನ್ನ ಜೋಡಿ ಒಂದೇ ತಾಟಿನಾಗ ಉಂಡ ಹುಡುಗ ಅಂವ. ನಾ ಜೈಲಿಗೆ ಹೋದ್ರ ಏನಾಗ್ತಿತ್ತು, ಎರಡು ರೊಟ್ಟಿ ಅಲ್ಲೂ ಕೊಡ್ತಾರ. ಆಗ ನನಗ ಕಣ್ಣಿದ್ವಲ್ಲೋ,” ಎಂದಳು. ಅಷ್ಟೇ. ಇವತ್ತು ಬೆಳಗಿನಿಂದ ನನ್ನ ಕೈಯ ರೊಟ್ಟಿ ಮುಟ್ಟಿಲ್ಲ. “ಕೋರ್ಟಿಗೆ ಕರಕೊಂಡು ನಡಿ,” ಎಂದು ಬಾಗಿಲಲ್ಲಿ ಸೀರೆ ಉಟ್ಟು ಕೂತಿದ್ದಾಳೆ.

ನೀನು ಹೂಂ ಅಂದ ಮರುದಿನವೇ ನಾನು ಅವಳನ್ನು ಕರೆದುಕೊಂಡು ಬರಲೇ? ನಿನ್ನ ವಕೀಲರ ಮುಂದೆ ನಾನೂ ಎಲ್ಲ ಬರೆದು ಕೊಡುತ್ತೇನೆ. ನನ್ನ ಕೆಲಸ ಹೋದರೆ ಹೋಗಲಿ. ನೀನು ಬೈದು ಬರೆ, ಉಗಿದು ಬರೆ. ಬರೆಯದೆ ಮಾತ್ರ ಇರಬೇಡ.

ತಿಮ್ಮಣ್ಣ


ಜೈಲು
೨೫ ಮಾರ್ಚ್ ೨೦೦೭

ತಿಮ್ಮಣ್ಣ,

ನಿನ್ನ ಕಾಗದ ಸಿಕ್ಕಿತು. ನನ್ನ ಕಾಗದ ಮುಟ್ಟಿದ ಮೇಲೆ ಇದನ್ನು ಬರೆದೆಯೋ, ಮುಟ್ಟುವ ಮೊದಲೇ ಬರೆದೆಯೋ ತಿಳಿಯಲಿಲ್ಲ. ತಾರೀಖು ನಿನ್ನ ಕೈಯಲ್ಲಿ ಬರೆದದ್ದು. ಅಂಚೆಯ ಮುದ್ರೆಯನ್ನು ಬೆಳಕಿಗೆ ಹಿಡಿದು ನೋಡಿದೆ, ಶಾಯಿ ಕಲೆಸಿದೆ. ಮೊದಲೇ ಬರೆದೆ ಎಂದು ನಂಬಲು ಮನಸ್ಸು ಬಹಳ ಎಳೆಯುತ್ತದೆ. ಆದರೆ ನಿನ್ನ ಮಾತನ್ನು ನೋಡದೆ ನಂಬುವ ಕೆಲಸ ನಾನು ಒಂದು ಸಲ ಮಾಡಿದ್ದೇನೆ.

ವಕೀಲರು ಬಂದಿದ್ದರು. ನಿನ್ನ ಸೆಪ್ಟೆಂಬರಿನ ಕಾಗದ, ಈಗಿನ ಕಾಗದ ಎರಡನ್ನೂ ತೋರಿಸಿದೆ. ದಿಲ್ಲಿಯ ಕೋರ್ಟಿಗೆ ಅರ್ಜಿ ಹಾಕಬಹುದು, ವರ್ಷಗಳು ಹಿಡಿಯುತ್ತವೆ ಎಂದರು. ಇಷ್ಟು ದಿನ ಎಲ್ಲಿದ್ದಳು ಈ ಮುದುಕಿ ಎಂದು ಕೇಳುತ್ತಾರಂತೆ. ಕಣ್ಣು ಕಾಣದವಳ ಕೈಯಲ್ಲಿ ಚಿಕ್ಕಿಯ ಸಾಕ್ಷಿ ಹೇಳಿಸಿದರು ಎಂದು ಆ ಕಡೆಯವರು ನಗುತ್ತಾರಂತೆ. “ಅಕ್ಟೋಬರ್‌ದಾಗ ನಾ ಕೇಳಿದಾಗ ಇದು ಕೈಯಾಗ ಇದ್ದಿದ್ರ ಈ ಹೊತ್ತಿಗೆ ನೀ ಮನ್ಯಾಗ ಇರ್ತಿದ್ದಿ,” ಎಂದರು.

ಅವ್ವ ಜೈಲಿಗೆ ಹೋದಾಳೆಂದು ಹೆದರಿ ಹಾಗೆ ಮಾಡಿದೆ ಎಂದು ಬರೆದಿದ್ದೀಯ. ಇರಬಹುದು. ನನಗೆ ಅವ್ವ ಇಲ್ಲ, ಇದ್ದಿದ್ದರೆ ನಾನೇನು ಮಾಡುತ್ತಿದ್ದೆನೋ ಗೊತ್ತಿಲ್ಲ. ನಿಮ್ಮವ್ವನ ಮೇಲೆ ಸಿಟ್ಟಿಲ್ಲವೆಂದು ಬರೆದಿದ್ದೆ, ಅದು ಈಗಲೂ ನಿಜ. ನಿನ್ನ ವಿಷಯ ಹಾಗೆ ಬರೆಯಲು ಮೂರು ದಿನ ಪೆನ್ನು ಹಿಡಿದು ಕೂತೆ. ಆಗಲಿಲ್ಲ.

ನಿಮ್ಮವ್ವ ಬರಲಿ. ಅವರ ಹೇಳಿಕೆ ಬೇಕು. ಮೂರು ಚಿಕ್ಕಿಯ ಮಾತನ್ನು ಅವರ ಬಾಯಿಂದಲೇ ಬರೆಸಿಕೊಳ್ಳುತ್ತಾರೆ. ನೀನು ಕೊಡುವುದನ್ನು ಬರೆದು, ಸಹಿ ಹಾಕಿ ಅಂಚೆಯಲ್ಲಿ ಕಳಿಸು. ಏಪ್ರಿಲ್ ೨, ಸೋಮವಾರ, ಬೆಳಗಿನ ಬಸ್ಸಿಗೆ ಕರೆಮ್ಮ ಯಾದಗಿರಿಗೆ ಬರುತ್ತಾಳೆ. ಬಸ್ ಸ್ಟ್ಯಾಂಡಿನಲ್ಲಿ ಅವರ ಕೈಯನ್ನು ಅವಳ ಕೈಗೆ ಕೊಟ್ಟುಬಿಡು. ದಾರಿಯಲ್ಲಿ ನೀರು ಕುಡಿಸಿ, ಮೆಟ್ಟಿಲು ಹತ್ತಿಸಿ, ಜೋಪಾನವಾಗಿ ಕರೆತರುತ್ತಾಳೆ. ನಾನು ಹೇಳಿದ್ದೇನೆ.

ನೀನು ಬರಬೇಡ.

ಈಶಪ್ಪ